ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್: ಪದೇ ಪದೇ ಕೇಳುವ ಪ್ರಶ್ನೆಗಳು

ನ್ಯೂಜೆರ್ಸಿಯಿಂದ ರೈಲಿನಲ್ಲಿ ನ್ಯೂಯಾರ್ಕ್‌ಗೆ ಕೆಲಸಕ್ಕೆ ಹೋಗಿಬರುವ ಕನ್ನಡಿಗರಲ್ಲಿ ಬಹಳಷ್ಟು ಜನ ದಿನಾ ಈ ಕಟ್ಟಡದ ಕೆಳಗೇ ಇಳಿಯುತ್ತಾರೆ. ಮೇಲೆ ಏನಿದೆ ಅಂತ ಕತ್ತೆತ್ತಿ ನೋಡಲು ಬೆಳಗಿನ ಅವಸರದಲ್ಲಿ ಪುರುಸೊತ್ತು ಇರುವುದಿಲ್ಲ. ಊರಿಂದ ಅಪ್ಪ ಅಮ್ಮ ಬಂದಾಗ, ಮಕ್ಕಳು ಬಾಸ್ಕೆಟ್‌ಬಾಲ್ ನೋಡಬೇಕು ಅಂತ ಹಟ ಹಿಡಿದಾಗ ಪ್ರಶ್ನೆಗಳು ಶುರುವಾಗುತ್ತವೆ. ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇವೆ.

ಇದು ಎಲ್ಲಿದೆ? ಒಳಗೆ ಏನೇನು ನಡೆಯುತ್ತದೆ?

ಮ್ಯಾನ್‌ಹಟನ್‌ನ ನಡುಭಾಗದಲ್ಲಿದೆ. ಏಳನೇ ಮತ್ತು ಎಂಟನೇ ಅವೆನ್ಯೂಗಳ ನಡುವೆ, 31ರಿಂದ 33ನೇ ಬೀದಿಯವರೆಗೆ. ಸರಿಯಾಗಿ ಪೆನ್ ಸ್ಟೇಷನ್ ಎಂಬ ರೈಲು ನಿಲ್ದಾಣದ ಮೇಲೆ ಕೂತಿರುವ ದುಂಡನೆಯ ಒಳಾಂಗಣ ಕ್ರೀಡಾಂಗಣ. ಬಾಸ್ಕೆಟ್‌ಬಾಲ್, ಐಸ್ ಹಾಕಿ, ಬಾಕ್ಸಿಂಗ್, ಕುಸ್ತಿ, ಸಂಗೀತ ಕಛೇರಿ, ನಾಯಿಗಳ ಪ್ರದರ್ಶನ, ರಾಜಕೀಯ ಸಮಾವೇಶ ಎಲ್ಲವೂ ಇಲ್ಲಿ ನಡೆದಿವೆ. 2015ರ ಸೆಪ್ಟೆಂಬರ್ 25ರಂದು ಪೋಪ್ ಫ್ರಾನ್ಸಿಸ್ ಇಲ್ಲೇ ಬಲಿಪೂಜೆ ನಡೆಸಿದ್ದರು. ಅದೇ ಕಟ್ಟಡದಲ್ಲಿ, ದೊಡ್ಡ ಅಂಗಳದ ಕೆಳಗೆ, ಸುಮಾರು 5,600 ಜನ ಕೂರುವ ಇನ್ನೊಂದು ರಂಗಮಂದಿರವೂ ಇದೆ.

ಮ್ಯಾಡಿಸನ್ ಸ್ಕ್ವೇರ್ ಇಲ್ಲಿಂದ ದೂರ ಇದೆಯಲ್ಲ, ಮತ್ತೆ ಆ ಹೆಸರು ಯಾಕೆ?

ಯಾಕಂದರೆ ಇದು ಈ ಹೆಸರಿನ ನಾಲ್ಕನೇ ಕಟ್ಟಡ. ಮೊದಲನೆಯದು ನಿಜವಾಗಿಯೂ ಮ್ಯಾಡಿಸನ್ ಸ್ಕ್ವೇರ್ ಪಕ್ಕದಲ್ಲಿ, 26ನೇ ಬೀದಿಯಲ್ಲಿತ್ತು. ಅದು ಮೂಲದಲ್ಲಿ ಒಂದು ಹಳೆ ರೈಲ್ವೆ ಡಿಪೋ. ರೈಲುಗಳು ಬೇರೆ ಕಡೆ ಹೋದ ಮೇಲೆ 1874ರಲ್ಲಿ ಸರ್ಕಸ್ಸಿನ ಪಿ. ಟಿ. ಬಾರ್ನಮ್ ಆ ಜಾಗವನ್ನು ಬಾಡಿಗೆಗೆ ಪಡೆದು ರಥದ ಓಟ, ಪ್ರಾಣಿಗಳ ಆಟ ನಡೆಸಿದರು. ಆಮೇಲೆ ಬ್ಯಾಂಡ್ ಮಾಸ್ಟರ್ ಗಿಲ್ಮೋರ್ ವಹಿಸಿಕೊಂಡಾಗ ಗಿಲ್ಮೋರ್ಸ್ ಗಾರ್ಡನ್ ಆಯಿತು. 1879ರಲ್ಲಿ ವ್ಯಾಂಡರ್‌ಬಿಲ್ಟ್ ಮನೆತನದವರು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಅಂತ ಹೆಸರಿಟ್ಟರು. ಮೇಲೆ ಚಾವಣಿ ಇರಲಿಲ್ಲ. ಬೇಸಿಗೆಯಲ್ಲಿ ಬಿಸಿಲು, ಚಳಿಗಾಲದಲ್ಲಿ ಕೊರೆಯುವ ಗಾಳಿ. ಹತ್ತು ವರ್ಷ ಹಾಗೂ ಹೀಗೂ ನಡೆದು 1889ರಲ್ಲಿ ಕೆಡವಿದರು.

ಜಾಗ ಬದಲಾದರೂ ಹೆಸರನ್ನು ಯಾರೂ ಬಿಡಲಿಲ್ಲ. ಈ ಒಂದು ವಿಷಯ ನೆನಪಿಟ್ಟುಕೊಳ್ಳಿ, ಕೆಳಗೆ ಇನ್ನೊಂದು ಪ್ರಶ್ನೆಗೆ ಬೇಕಾಗುತ್ತದೆ.

ಎರಡನೆಯ ಗಾರ್ಡನ್ ಬಗ್ಗೆ ಜನ ಈಗಲೂ ಯಾಕೆ ಮಾತಾಡುತ್ತಾರೆ?

ಎರಡು ಕಾರಣ. ಒಂದು ಅದರ ಚೆಲುವು, ಇನ್ನೊಂದು ಅಲ್ಲಿ ನಡೆದ ಕೊಲೆ.

ಹಳೆಯ ಜಾಗದಲ್ಲೇ 1890ರಲ್ಲಿ ಅದು ತೆರೆಯಿತು. ವಿನ್ಯಾಸ ಮಾಡಿದವರು ಮೆಕಿಮ್, ಮೀಡ್ ಅಂಡ್ ವೈಟ್ ಸಂಸ್ಥೆಯ ಸ್ಟ್ಯಾನ್‌ಫರ್ಡ್ ವೈಟ್. ಸ್ಪೇನ್‌ನ ಸೆವಿಲ್ ನಗರದ ಹಿರಾಲ್ಡಾ ಗೋಪುರವನ್ನು ನೋಡಿ ಅದೇ ಮಾದರಿಯ ಗೋಪುರ ಎಬ್ಬಿಸಿದರು. ಅದರ ತುದಿಯಲ್ಲಿ ಬಿಲ್ಲು ಹಿಡಿದ ಡಯಾನಾ ದೇವತೆಯ ಪ್ರತಿಮೆ. ಶಿಲ್ಪಿ ಅಗಸ್ಟಸ್ ಸೇಂಟ್ ಗಾಡೆನ್ಸ್. ಮೊದಲು ಮಾಡಿದ 18 ಅಡಿಯ ಪ್ರತಿಮೆ ಗೋಪುರಕ್ಕೆ ವಿಪರೀತ ದೊಡ್ಡದಾಯಿತು ಅಂತ ಇಳಿಸಿ, 1893ರಲ್ಲಿ 13 ಅಡಿಯದನ್ನು ಕೂರಿಸಿದರು. ಗಾಳಿ ಬೀಸಿದ ಕಡೆ ಅದು ತಿರುಗುತ್ತಿತ್ತು. ಆ ಪ್ರತಿಮೆ ಈಗ ಫಿಲಡೆಲ್ಫಿಯಾ ಕಲಾ ಸಂಗ್ರಹಾಲಯದ ದೊಡ್ಡ ಮೆಟ್ಟಿಲುಗಳ ಮೇಲಿದೆ. ಆ ಕಡೆ ಹೋದವರು ತಪ್ಪದೆ ನೋಡಿ.

1906ರ ಜೂನ್ 25ರ ರಾತ್ರಿ ಕಟ್ಟಡದ ಚಾವಣಿ ಮೇಲಿನ ನಾಟಕಶಾಲೆಯಲ್ಲಿ ಸ್ಟ್ಯಾನ್‌ಫರ್ಡ್ ವೈಟ್ ಪ್ರದರ್ಶನ ನೋಡುತ್ತಾ ಕೂತಿದ್ದರು. ಹ್ಯಾರಿ ಥಾ ಎಂಬ ಶ್ರೀಮಂತ ಹತ್ತಿರ ಬಂದು ಗುಂಡು ಹಾರಿಸಿದ. ತಾವೇ ಕಟ್ಟಿದ ಕಟ್ಟಡದಲ್ಲೇ ವೈಟ್ ಸತ್ತರು. ಆ ಮೊಕದ್ದಮೆ ಅಮೆರಿಕದ ಪತ್ರಿಕೆಗಳಲ್ಲಿ ವರ್ಷಗಟ್ಟಲೆ ಓಡಿತು.

ಇಷ್ಟು ಚೆಂದದ ಕಟ್ಟಡ ದುಡ್ಡು ಮಾತ್ರ ಮಾಡಲಿಲ್ಲ. ಸಾಲ ಕೊಟ್ಟಿದ್ದ ನ್ಯೂಯಾರ್ಕ್ ಲೈಫ್ ವಿಮಾ ಕಂಪನಿ ಅದನ್ನು ಕೆಡವಿ, ಆ ಜಾಗದಲ್ಲಿ ತನ್ನ ಮುಖ್ಯ ಕಚೇರಿ ಕಟ್ಟಿತು. ಆ ಕಚೇರಿ ಈಗಲೂ ಅಲ್ಲೇ ಇದೆ.

ಮೂರನೆಯದು?

ಎಂಟನೇ ಅವೆನ್ಯೂನಲ್ಲಿ, 49 ಮತ್ತು 50ನೇ ಬೀದಿಗಳ ನಡುವೆ. ಬಾಕ್ಸಿಂಗ್ ಪಂದ್ಯ ಏರ್ಪಡಿಸುತ್ತಿದ್ದ ಟೆಕ್ಸ್ ರಿಕಾರ್ಡ್ 1925ರಲ್ಲಿ ಬರೀ 249 ದಿನಗಳಲ್ಲಿ ಎಬ್ಬಿಸಿದರು. ಹೊರಗಿನಿಂದ ನೋಡಲು ಏನೂ ಇಲ್ಲದ ದೊಡ್ಡ ಪೆಟ್ಟಿಗೆ. ಆದರೆ ಇವತ್ತು ನಾವು ಗಾರ್ಡನ್ ಅಂದಾಗ ನೆನಪಾಗುವ ಎರಡೂ ತಂಡಗಳು ಅಲ್ಲೇ ಹುಟ್ಟಿದವು: ಹಾಕಿಯ ರೇಂಜರ್ಸ್ 1926ರಲ್ಲಿ, ಬಾಸ್ಕೆಟ್‌ಬಾಲ್‌ನ ನಿಕ್ಸ್ 1946ರಲ್ಲಿ. ಟೆಕ್ಸಸ್‌ನ ಪೊಲೀಸ್ ಪಡೆ ಟೆಕ್ಸಸ್ ರೇಂಜರ್ಸ್ ಇದೆಯಲ್ಲ, ಹಾಗೆ ಟೆಕ್ಸ್ ಅವರ ತಂಡವನ್ನು ಪತ್ರಿಕೆಯವರು ಟೆಕ್ಸ್‌ನ ರೇಂಜರ್ಸ್ ಅಂತ ಕರೆದರು. ಹೆಸರು ಹಾಗೇ ನಿಂತಿತು.

ಸೈಕಲ್ ರೇಸಿನ ಮ್ಯಾಡಿಸನ್‌ಗೂ ಇದಕ್ಕೂ ಸಂಬಂಧ ಇದೆಯಾ?

ಇದೆ. ಆರು ದಿನ ಎಡೆಬಿಡದೆ ಸೈಕಲ್ ತುಳಿಯುವ ರೇಸ್‌ಗಳು ಗಾರ್ಡನ್‌ನಲ್ಲಿ ನಡೆಯುತ್ತಿದ್ದವು. ಒಬ್ಬನೇ ಅಷ್ಟು ಹೊತ್ತು ತುಳಿಯುವುದು ಜೀವಕ್ಕೇ ಅಪಾಯ ಅಂತ 19ನೇ ಶತಮಾನದ ಕೊನೆಯಲ್ಲಿ ಕಾನೂನು ಅಡ್ಡ ಬಂತು. ಆಗ ಇಬ್ಬರು ಜೋಡಿಯಾಗಿ ಸರದಿಯಲ್ಲಿ ತುಳಿಯುವ ಪದ್ಧತಿ ಶುರುವಾಯಿತು. ಈಗ ಒಲಿಂಪಿಕ್ಸ್‌ನಲ್ಲಿರುವ ಮ್ಯಾಡಿಸನ್ ಸ್ಪರ್ಧೆ ಅದೇ.

ಈಗಿನ ಗಾರ್ಡನ್ ಕಟ್ಟಲು ಒಂದು ದೊಡ್ಡ ರೈಲು ನಿಲ್ದಾಣ ಕೆಡವಿದರು ಅನ್ನುವುದು ನಿಜವಾ?

ನಿಜ. ಈ ಕಟ್ಟಡದ ಕಥೆಯಲ್ಲಿ ನೋವಿನ ಭಾಗ ಇದೇ.

1910ರಲ್ಲಿ ತೆರೆದ ಪೆನ್ಸಿಲ್ವೇನಿಯಾ ಸ್ಟೇಷನ್, ಅಂದರೆ ಹಳೆಯ ಪೆನ್ ಸ್ಟೇಷನ್, ಎರಡು ಬ್ಲಾಕ್‌ಗಳನ್ನು ತುಂಬಿಕೊಂಡಿದ್ದ ಗುಲಾಬಿ ಗ್ರಾನೈಟ್ ಕಟ್ಟಡ. ಕಾಯುವ ಹಾಲನ್ನು ರೋಮ್‌ನ ಕಾರಕಲ್ಲಾ ಸ್ನಾನಗೃಹಗಳ ಮಾದರಿಯಲ್ಲಿ ಕಟ್ಟಿದ್ದರು. ಪ್ಲಾಟ್‌ಫಾರ್ಮ್‌ಗೆ ಇಳಿಯುವ ಜಾಗದ ಮೇಲೆ ಕಬ್ಬಿಣ ಮತ್ತು ಗಾಜಿನ ಚಾವಣಿ, ಅಲ್ಲಿಂದ ಬಿಸಿಲು ನೇರ ಕೆಳಗೆ. ಹೊರಗೋಡೆಯ ಮೇಲೆ ಕಲ್ಲಿನ ಹದ್ದುಗಳು. ಇದನ್ನು ಕಟ್ಟಿದ್ದೂ ಮೆಕಿಮ್, ಮೀಡ್ ಅಂಡ್ ವೈಟ್. ಅಂದರೆ ಎರಡನೆಯ ಗಾರ್ಡನ್ ಕಟ್ಟಿದವರ ನಿಲ್ದಾಣವನ್ನೇ ನಾಲ್ಕನೆಯ ಗಾರ್ಡನ್‌ಗಾಗಿ ಒಡೆದರು.

ಕಾರಣ ಹಣ. ಜನ ಕಾರು, ವಿಮಾನಗಳ ಕಡೆ ಹೋದರು, ರೈಲ್ವೆ ಕಂಪನಿಗೆ ನಷ್ಟ ಏರಿತು. ನೆಲದ ಮೇಲಿನ ಜಾಗವನ್ನು ಗಾರ್ಡನ್‌ಗೆ ಬಿಟ್ಟುಕೊಟ್ಟರೆ ಹೊಸ ಕ್ರೀಡಾಂಗಣದಲ್ಲಿ ಕಾಲುಭಾಗ ಪಾಲು, ಕೆಳಗೊಂದು ಹೊಸ ಸಣ್ಣ ನಿಲ್ದಾಣ ಸಿಗುತ್ತಿತ್ತು. 1962ರ ಆಗಸ್ಟ್‌ನಲ್ಲಿ ವಾಸ್ತುಶಿಲ್ಪಿಗಳು, ಲೇಖಕರು ಬೀದಿಗಿಳಿದು ಪ್ರತಿಭಟಿಸಿದರು. ನಗರಗಳ ಬಗ್ಗೆ ಬರೆಯುತ್ತಿದ್ದ ಲೇಖಕಿ ಜೇನ್ ಜೇಕಬ್ಸ್ ಕೂಡ ಅವರಲ್ಲಿದ್ದರು. ಆದರೆ ತಡೆಯಲು ಆಗ ಕಾನೂನೇ ಇರಲಿಲ್ಲ. 1963ರ ಅಕ್ಟೋಬರ್ 28ರಂದು ಒಡೆಯುವ ಕೆಲಸ ಶುರುವಾಯಿತು. ಕಲ್ಲು, ಕಂಬ, ಶಿಲ್ಪಗಳಲ್ಲಿ ಬಹುಪಾಲು ನ್ಯೂಜೆರ್ಸಿಯ ಜೌಗು ಭೂಮಿ ತುಂಬಲು ಹೋದವು. ಕೆಲವು ಹದ್ದುಗಳು ಉಳಿದವು. ಫಿಲಡೆಲ್ಫಿಯಾದ ಮಾರ್ಕೆಟ್ ಸ್ಟ್ರೀಟ್ ಸೇತುವೆಯ ಮೇಲೆ ನಾಲ್ಕು ಕೂತಿವೆ.

ಒಂದು ಒಳ್ಳೆಯದು ಆಯಿತು. ಜನರ ಸಿಟ್ಟು ತಣಿಯದೆ, 1965ರಲ್ಲಿ ನ್ಯೂಯಾರ್ಕ್ ನಗರ ಪಾರಂಪರಿಕ ಕಟ್ಟಡಗಳನ್ನು ಉಳಿಸುವ ಕಾನೂನು ತಂದಿತು. ಗ್ರಾಂಡ್ ಸೆಂಟ್ರಲ್ ನಿಲ್ದಾಣದ ಮೇಲೆ ದೊಡ್ಡ ಗೋಪುರ ಕಟ್ಟುವ ಯೋಜನೆ ಬಂದಾಗ ಅದನ್ನು ಕಾಪಾಡಿದ್ದು ಇದೇ ಕಾನೂನು. 1978ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು.

ಗಾರ್ಡನ್ ಅನ್ನು ಎಷ್ಟೇ ಇಷ್ಟಪಟ್ಟರೂ ಆ ನಿಲ್ದಾಣ ಒಡೆದಿದ್ದು ತಪ್ಪು ಅಂತಲೇ ನಾವು ಹೇಳುತ್ತೇವೆ. ಈಗಿನ ಪೆನ್ ಸ್ಟೇಷನ್‌ನ ತಗ್ಗು ಚಾವಣಿ ಕೆಳಗೆ, ಸಂಜೆ ಆರು ಗಂಟೆಗೆ, ಟ್ರ್ಯಾಕ್ ನಂಬರ್ ಬೋರ್ಡಿನಲ್ಲಿ ಬರುವುದನ್ನೇ ಕಾಯುತ್ತಾ ನೂಕುನುಗ್ಗಲಿನಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೆಳಗೆ ರೈಲು ಓಡುವಾಗ ಇಷ್ಟು ದೊಡ್ಡ ಕಟ್ಟಡ ನಿಂತಿದ್ದು ಹೇಗೆ?

ಚಾರ್ಲ್ಸ್ ಲಕ್‌ಮನ್ ವಿನ್ಯಾಸ ಮಾಡಿದ ಈ ಕಟ್ಟಡ 1968ರ ಫೆಬ್ರವರಿ 11ರಂದು ತೆರೆಯಿತು. ಇದರ ಕಂಬಗಳು ರೈಲು ಹಳಿಗಳ ನಡುವೆ, ಪ್ಲಾಟ್‌ಫಾರ್ಮ್‌ಗಳ ಮೇಲೇ ಇಳಿದಿವೆ. ಪ್ಲಾಟ್‌ಫಾರ್ಮ್ ಇಕ್ಕಟ್ಟಾಗಲು ಅದೂ ಒಂದು ಕಾರಣ. ಆದರೆ ಮೇಲೆ ಅಂಗಳದಲ್ಲಿ ಒಂದೇ ಒಂದು ಕಂಬವೂ ಕಣ್ಣಿಗೆ ಅಡ್ಡ ಬರುವುದಿಲ್ಲ. ಸುಮಾರು 400 ಅಡಿ ಅಗಲದ ಚಾವಣಿ ಉಕ್ಕಿನ ಕೇಬಲ್‌ಗಳ ಮೇಲೆ ತೂಗಿ ನಿಂತಿದೆ. ಒಳಗೆ ಹೋದಾಗ ತಲೆ ಎತ್ತಿ ನೋಡಿ. ಚಾವಣಿ ಗುಮ್ಮಟದ ಹಾಗೆ ಮೇಲಕ್ಕೆ ಉಬ್ಬಿಲ್ಲ, ನಡುವೆ ಕೆಳಕ್ಕೆ ತಗ್ಗಿದೆ. ಜನರ ಕೂಗು ಅಲ್ಲಿಗೆ ಬಡಿದು ವಾಪಸ್ ಬೀಳುತ್ತದೆ. ಇಲ್ಲಿ ಆಡಿದವರು, ಹಾಡಿದವರು ಈ ಸದ್ದನ್ನು ಮೆಚ್ಚಿ ಮಾತಾಡುವುದು ಅದಕ್ಕೇ.

ನಿನ್ನೆ ಹಾಕಿ, ಇವತ್ತು ಬಾಸ್ಕೆಟ್‌ಬಾಲ್. ಅಷ್ಟು ಬೇಗ ಐಸ್ ಕರಗಿಸುತ್ತಾರಾ?

ಕರಗಿಸುವುದೇ ಇಲ್ಲ! ಹಾಕಿ ಸೀಸನ್‌ನಲ್ಲಿ ಐಸ್ ಅಲ್ಲೇ ಇರುತ್ತದೆ. ನೀವು ಬಾಸ್ಕೆಟ್‌ಬಾಲ್ ನೋಡುವಾಗ ಆಟಗಾರರ ಕಾಲ ಕೆಳಗೇ ಇರುತ್ತದೆ.

ಕೆಲಸ ನಡೆಯುವುದು ಹೀಗೆ. ಅಂಗಳದ ಕಾಂಕ್ರೀಟಿನೊಳಗೆ ಕೊಳವೆಗಳಿವೆ. ಅದರಲ್ಲಿ ಹೆಪ್ಪುಗಟ್ಟದ ದ್ರವ ಸೊನ್ನೆಗಿಂತ ಕಡಿಮೆ ತಾಪದಲ್ಲಿ ಹರಿಯುತ್ತಿರುತ್ತದೆ. ಮೇಲೆ ನೀರನ್ನು ತೆಳ್ಳಗೆ ಪದರ ಪದರವಾಗಿ ಹಾಯಿಸಿ ಗಟ್ಟಿ ಮಾಡುತ್ತಾರೆ. ನಡುವೆ ಬಿಳಿ ಬಣ್ಣ, ಗೆರೆಗಳು. ಎಲ್ಲ ಸೇರಿ ಐಸ್ ಒಂದು ಇಂಚಿನ ಆಸುಪಾಸು ದಪ್ಪ ಅಷ್ಟೇ. ಹಾಕಿ ಮುಗಿದು ಜನ ಹೊರಟ ಕೂಡಲೇ ಕೆಲಸಗಾರರ ದಂಡು ಇಳಿಯುತ್ತದೆ. ಸುತ್ತಲಿನ ಗಾಜು ಬಿಚ್ಚುತ್ತಾರೆ. ತಂಪು ತಡೆಯುವ ಹಲಗೆಗಳನ್ನು ಐಸ್ ಮೇಲೆ ಒಂದಕ್ಕೊಂದು ತಾಗಿಸಿ ಹಾಸುತ್ತಾರೆ. ಆಮೇಲೆ ಮೇಪಲ್ ಮರದ ಅಂಗಣ ಬರುತ್ತದೆ. ಅದು ತುಂಡು ತುಂಡಾಗಿರುತ್ತದೆ, ಯಾವುದು ಎಲ್ಲಿಗೆ ಅನ್ನುವ ಗುರುತು ಇರುತ್ತದೆ. ಜೋಡಿಸಿ ಬಿಗಿಯುತ್ತಾರೆ. ಹಾಕಿ ಅಂಗಳ 200 ಅಡಿ ಉದ್ದ, 85 ಅಡಿ ಅಗಲ. ಬಾಸ್ಕೆಟ್‌ಬಾಲ್‌ಗೆ 94 ಅಡಿ, 50 ಅಡಿ ಸಾಕು. ಉಳಿದ ಜಾಗದಲ್ಲಿ ಕುರ್ಚಿಗಳು ಬರುತ್ತವೆ. ಎಲ್ಲ ಕೆಲವೇ ಗಂಟೆಗಳ ಕೆಲಸ. ಮಧ್ಯಾಹ್ನ ಒಂದು ಆಟ, ರಾತ್ರಿ ಇನ್ನೊಂದು ಆದ ದಿನಗಳೂ ಇವೆ. ಟಿಕೆಟ್ ಕೊಂಡವರ ಕಣ್ಣಿಗೆ ಈ ದುಡಿಮೆ ಬೀಳುವುದೇ ಇಲ್ಲ. ನಮ್ಮ ಮಟ್ಟಿಗೆ ಈ ಕಟ್ಟಡದಲ್ಲಿ ಅತಿ ಹೆಚ್ಚು ಮೆಚ್ಚಬೇಕಾದದ್ದು ಇದೇ.

ಎಷ್ಟು ಜನ ಕೂರಬಹುದು?

ಬಾಸ್ಕೆಟ್‌ಬಾಲ್‌ಗೆ 19,812. ಹಾಕಿಗೆ 18,006. ಕಛೇರಿಗಳಿಗೆ ವೇದಿಕೆ ಎಲ್ಲಿ ಹಾಕುತ್ತಾರೆ ಅನ್ನುವುದರ ಮೇಲೆ ಹೆಚ್ಚು ಕಡಿಮೆ ಆಗುತ್ತದೆ.

ಸರ್ಕಸ್ ಆನೆಗಳು ಒಳಗೆ ಹೋಗುತ್ತಿದ್ದದ್ದು ಹೇಗೆ?

ಆಟದ ಅಂಗಳ ಇರುವುದು ರಸ್ತೆಯ ಮಟ್ಟದಲ್ಲಲ್ಲ, ಐದನೇ ಮಹಡಿಯ ಎತ್ತರದಲ್ಲಿ. ಆನೆಗಳು ಇಳಿಜಾರು ದಾರಿಯಲ್ಲಿ ನಡೆದೇ ಹತ್ತುತ್ತಿದ್ದವು. ರಿಂಗ್ಲಿಂಗ್ ಸರ್ಕಸ್ಸಿನ ರೈಲು ಕ್ವೀನ್ಸ್ ಕಡೆ ನಿಲ್ಲುತ್ತಿತ್ತು. ಅಲ್ಲಿಂದ ನಡುರಾತ್ರಿ ಕ್ವೀನ್ಸ್ ಮಿಡ್‌ಟೌನ್ ಸುರಂಗದ ವಾಹನ ಸಂಚಾರ ನಿಲ್ಲಿಸಿ, ಒಂದರ ಬಾಲ ಇನ್ನೊಂದು ಹಿಡಿದ ಆನೆಗಳ ಸಾಲು ನದಿಯ ಅಡಿಯಿಂದ ಮ್ಯಾನ್‌ಹಟನ್‌ಗೆ ಬರುತ್ತಿತ್ತು. ನೋಡಲು ಮಕ್ಕಳನ್ನು ಎಬ್ಬಿಸಿಕೊಂಡು ಬರುತ್ತಿದ್ದರು. ಈಗ ಅದಿಲ್ಲ. 2016ರಲ್ಲಿ ಆ ಸರ್ಕಸ್ ಆನೆಗಳ ಆಟವನ್ನೇ ನಿಲ್ಲಿಸಿತು. ಆನೆಗಳ ದೃಷ್ಟಿಯಿಂದ ಅದು ಒಳ್ಳೆಯದೇ ಆಯಿತು.

ಅಲಿ ಮತ್ತು ಫ್ರೇಜಿಯರ್ ಪಂದ್ಯ ಅಷ್ಟು ದೊಡ್ಡದಾಗಲು ಕಾರಣ ಏನು?

1971ರ ಮಾರ್ಚ್ 8. ಇಬ್ಬರೂ ಅಲ್ಲಿಯವರೆಗೆ ಒಮ್ಮೆಯೂ ಸೋತಿರಲಿಲ್ಲ. ವಿಯೆಟ್ನಾಂ ಯುದ್ಧಕ್ಕೆ ಸೇರಲ್ಲ ಅಂದಿದ್ದಕ್ಕೆ 1967ರಲ್ಲಿ ಮುಹಮ್ಮದ್ ಅಲಿಯ ಪಟ್ಟ ಕಿತ್ತುಕೊಂಡಿದ್ದರು. ಮೂರೂವರೆ ವರ್ಷ ಅವರನ್ನು ಅಖಾಡದಿಂದ ದೂರ ಇಟ್ಟಿದ್ದರು. ಆ ಪಟ್ಟ ಈಗ ಜೋ ಫ್ರೇಜಿಯರ್ ಹತ್ತಿರ ಇತ್ತು. ಹಾಗಾಗಿ ಇದು ಬರೀ ಬಾಕ್ಸಿಂಗ್ ಆಗಿ ಉಳಿಯಲಿಲ್ಲ, ಯುದ್ಧದ ಪರ ವಿರೋಧದ ಜಗಳವೂ ಆಯಿತು. ತಲಾ 25 ಲಕ್ಷ ಡಾಲರ್ ಸಂಭಾವನೆ, ಆ ಕಾಲಕ್ಕೆ ಕೇಳರಿಯದ ಮೊತ್ತ. ಅಖಾಡದ ಪಕ್ಕ ಕ್ಯಾಮೆರಾ ಹಿಡಿದು ಫೋಟೊ ತೆಗೆಯುತ್ತಿದ್ದವರು ಗಾಯಕ ಫ್ರಾಂಕ್ ಸಿನಾತ್ರ. 15 ಸುತ್ತೂ ನಡೆಯಿತು. ಕೊನೆಯ ಸುತ್ತಿನಲ್ಲಿ ಫ್ರೇಜಿಯರ್‌ನ ಎಡಗೈ ಏಟಿಗೆ ಅಲಿ ನೆಲಕ್ಕೆ ಬಿದ್ದರು. ತಕ್ಷಣ ಎದ್ದರು, ಆದರೆ ತೀರ್ಪು ಫ್ರೇಜಿಯರ್ ಕಡೆ ಹೋಯಿತು.

ಬಾಂಗ್ಲಾದೇಶಕ್ಕಾಗಿ ನಡೆದ ಕಛೇರಿ ಇಲ್ಲೇನಾ?

ಹೌದು, ಅದೇ ವರ್ಷ, ಆಗಸ್ಟ್ 1ರ ಭಾನುವಾರ. ಭಾರತದವರು ಈ ಕಟ್ಟಡವನ್ನು ನೆನೆಯಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಪೂರ್ವ ಪಾಕಿಸ್ತಾನದಲ್ಲಿ ಮೊದಲು ಚಂಡಮಾರುತ, ಆಮೇಲೆ ಸೈನ್ಯದ ಹಿಂಸೆ. ಲಕ್ಷಗಟ್ಟಲೆ ನಿರಾಶ್ರಿತರು ಗಡಿ ದಾಟಿ ಭಾರತಕ್ಕೆ ಬರುತ್ತಿದ್ದರು. ಬಂಗಾಳಿ ಮನೆತನದ ಪಂಡಿತ್ ರವಿಶಂಕರ್ ಸಂಕಟ ತಡೆಯಲಾರದೆ ಗೆಳೆಯ, ಬೀಟಲ್ಸ್ ತಂಡದಲ್ಲಿದ್ದ ಜಾರ್ಜ್ ಹ್ಯಾರಿಸನ್ ಅವರನ್ನು ಸಹಾಯ ಕೇಳಿಕೊಂಡರು. ಕೆಲವೇ ವಾರಗಳಲ್ಲಿ ಹ್ಯಾರಿಸನ್ ತಮ್ಮ ಗೆಳೆಯರನ್ನೆಲ್ಲ ಒಟ್ಟುಗೂಡಿಸಿದರು: ಬಾಬ್ ಡಿಲನ್, ಎರಿಕ್ ಕ್ಲಾಪ್ಟನ್, ರಿಂಗೋ ಸ್ಟಾರ್, ಲಿಯಾನ್ ರಸೆಲ್, ಬಿಲ್ಲಿ ಪ್ರೆಸ್ಟನ್. ಮಧ್ಯಾಹ್ನ ಒಂದು, ರಾತ್ರಿ ಒಂದು, ಎರಡು ಪ್ರದರ್ಶನ. ಒಟ್ಟು ಸುಮಾರು 40,000 ಜನ.

ಶುರು ಮಾಡಿದ್ದು ರವಿಶಂಕರ್ ಅವರ ಸಿತಾರ್, ಅಲಿ ಅಕ್ಬರ್ ಖಾನ್ ಅವರ ಸರೋದ್, ಅಲ್ಲಾ ರಖಾ ಅವರ ತಬಲ, ಕಮಲಾ ಚಕ್ರವರ್ತಿ ಅವರ ತಂಬೂರಿ. ಕಲಾವಿದರು ಶ್ರುತಿ ಮಾಡಿಕೊಳ್ಳುತ್ತಿದ್ದರು. ಸಭೆ ಅದನ್ನೇ ಸಂಗೀತ ಅಂದುಕೊಂಡು ಜೋರಾಗಿ ಚಪ್ಪಾಳೆ ತಟ್ಟಿತು. ಶ್ರುತಿ ಮಾಡಿದ್ದೇ ಇಷ್ಟು ಹಿಡಿಸಿದರೆ ನುಡಿಸುವುದು ಇನ್ನೂ ಹಿಡಿಸಬಹುದು ಅಂತ ರವಿಶಂಕರ್ ನಯವಾಗಿ ಹೇಳಿದರು. ಆಮೇಲೆ ಬಾಂಗ್ಲಾ ಧುನ್ ನುಡಿಸಿದರು.

ಟಿಕೆಟ್‌ನಿಂದ ಬಂದ ಸುಮಾರು 2,43,000 ಡಾಲರ್ ಯುನಿಸೆಫ್‌ಗೆ ಹೋಯಿತು. ರೆಕಾರ್ಡ್ ಮತ್ತು ಚಿತ್ರದಿಂದ ಬಂದ ದೊಡ್ಡ ಮೊತ್ತ ತೆರಿಗೆ ತಕರಾರಿನಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿತು. ಹಸಿದವರಿಗೆ ಬೇಕಾದಾಗ ಅದು ತಲುಪಲಿಲ್ಲ ಅನ್ನುವುದು ಬೇಜಾರಿನ ಸಂಗತಿ. ಆದರೂ ದೊಡ್ಡ ಕಲಾವಿದರು ಸೇರಿ ಪರಿಹಾರಕ್ಕೆ ಹಾಡುವ ದಾರಿ ತೆರೆದದ್ದು ಇದೇ ಕಛೇರಿ.

ರಾಜಕೀಯ ಸಭೆಗಳು?

ಬೇಕಾದಷ್ಟು. 1924ರಲ್ಲಿ ಎರಡನೆಯ ಗಾರ್ಡನ್‌ನಲ್ಲಿ ಡೆಮಾಕ್ರಟಿಕ್ ಪಕ್ಷ ಅಭ್ಯರ್ಥಿಯನ್ನು ಆರಿಸಲು 103 ಸಲ ಮತ ಹಾಕಬೇಕಾಯಿತು. ಎರಡು ವಾರಕ್ಕೂ ಜಾಸ್ತಿ ಹಿಡಿಯಿತು. ಕೊನೆಗೆ ಆರಿಸಿದ ಜಾನ್ ಡೇವಿಸ್ ಚುನಾವಣೆಯಲ್ಲಿ ಸೋತರು. ಈಗಿನ ಕಟ್ಟಡದಲ್ಲಿ ಅದೇ ಪಕ್ಷದ ಸಮಾವೇಶ 1976, 1980, 1992ರಲ್ಲಿ ನಡೆಯಿತು, ರಿಪಬ್ಲಿಕನ್ನರದು 2004ರಲ್ಲಿ.

ಕೆಟ್ಟ ನೆನಪೂ ಇದೆ. 1939ರ ಫೆಬ್ರವರಿ 20ರಂದು ಮೂರನೆಯ ಗಾರ್ಡನ್‌ನಲ್ಲಿ ಅಮೆರಿಕದ ನಾಜಿ ಬೆಂಬಲಿಗರು ಸಭೆ ಸೇರಿದ್ದರು. ಜಾರ್ಜ್ ವಾಷಿಂಗ್ಟನ್ ಅವರ ಆಳೆತ್ತರ ಮೀರಿದ ಚಿತ್ರದ ಅಕ್ಕಪಕ್ಕ ಸ್ವಸ್ತಿಕ ಧ್ವಜಗಳು, ಒಳಗೆ ಸುಮಾರು 20,000 ಜನ, ಹೊರಗೆ ವಿರೋಧಿಸಲು ಬಂದ ದೊಡ್ಡ ಗುಂಪು. ಬಾಡಿಗೆಗೆ ಸಿಗುವ ಸಭಾಂಗಣ ಎಲ್ಲರಿಗೂ ಸಿಗುತ್ತದೆ. ಆ ಚರಿತ್ರೆಯನ್ನು ಮುಚ್ಚಿಡದೆ ಹೇಳಬೇಕು.

2014ರ ಸೆಪ್ಟೆಂಬರ್ 28ರಂದು ಪ್ರಧಾನಿ ನರೇಂದ್ರ ಮೋದಿ ಇಲ್ಲಿ ಅನಿವಾಸಿ ಭಾರತೀಯರನ್ನು ಉದ್ದೇಶಿಸಿ ಹಿಂದಿಯಲ್ಲಿ ಮಾತಾಡಿದರು. ಸಭಾಂಗಣ ತುಂಬಿತ್ತು. ನಮ್ಮ ಕಡೆಯ ಅನೇಕರು ಗಾರ್ಡನ್ ಹೆಸರು ಕೇಳಿದ್ದೇ ಆವತ್ತು.

ನಿಕ್ಸ್, ರೇಂಜರ್ಸ್ ಅಭಿಮಾನಿಗಳು ಮತ್ತೆ ಮತ್ತೆ ನೆನೆಯುವ ಆಟ ಯಾವುದು?

ನಿಕ್ಸ್ ಕಡೆಯವರಿಗೆ 1970ರ ಮೇ 8. ತೊಡೆಯ ಸ್ನಾಯು ಹರಿದಿದ್ದ ವಿಲ್ಲಿಸ್ ರೀಡ್ ಆಡುವುದೇ ಅನುಮಾನವಿತ್ತು. ಅವರು ಕುಂಟುತ್ತಾ ಅಂಗಳಕ್ಕೆ ಬಂದರು, ಮೊದಲ ಎರಡು ಬಾಸ್ಕೆಟ್ ಹಾಕಿದರು. ಅಷ್ಟೇ ಸಾಕಾಯಿತು, ತಂಡ ಲಾಸ್ ಏಂಜಲೀಸ್ ಲೇಕರ್ಸ್ ಮೇಲೆ ಗೆದ್ದು ಚಾಂಪಿಯನ್ ಆಯಿತು. ರೇಂಜರ್ಸ್ ಕಡೆಯವರಿಗೆ 1994ರ ಜೂನ್ 14. 1940ರಿಂದ ಕೈಗೆ ಸಿಗದಿದ್ದ ಹಾಕಿ ಚಾಂಪಿಯನ್‌ಗಳ ಸ್ಟ್ಯಾನ್ಲಿ ಕಪ್ ಅಂದು ಬಂತು.

ಬೇರೆ ಊರಿನ ಹಾಗೆ ಇದನ್ನು ಹೊರವಲಯಕ್ಕೆ ಸಾಗಿಸುತ್ತಾರಾ?

ಸಾಗಿಸಬೇಕು ಅನ್ನುವ ಒತ್ತಾಯ ಇದೆ, ಆದರೆ ಹೊರವಲಯಕ್ಕಲ್ಲ. 1963ರಲ್ಲಿ ನಗರ ಕೊಟ್ಟಿದ್ದ ವಿಶೇಷ ಪರವಾನಗಿ 50 ವರ್ಷದ್ದು. 2013ರಲ್ಲಿ ಹತ್ತೇ ವರ್ಷಕ್ಕೆ ನವೀಕರಿಸಿದರು, 2023ರಲ್ಲಿ ಐದೇ ವರ್ಷಕ್ಕೆ. ಕೆಳಗಿನ ನಿಲ್ದಾಣಕ್ಕೆ ಬೆಳಕು, ಗಾಳಿ, ಜಾಗ ಬೇಕು ಅನ್ನುವುದೇ ಅದರ ಹಿಂದಿನ ಕಾರಣ. ಮಾಲೀಕರು 2011ರಿಂದ 2013ರವರೆಗೆ ಸುಮಾರು ನೂರು ಕೋಟಿ ಡಾಲರ್ ಸುರಿದು ಒಳಗೆಲ್ಲ ಹೊಸದು ಮಾಡಿದ್ದಾರೆ. ಅವರು ಸುಲಭಕ್ಕೆ ಕದಲುವುದಿಲ್ಲ. ಇನ್ನೊಂದು ಕಡೆ, 1982ರ ರಾಜ್ಯ ಕಾನೂನಿನ ಪ್ರಕಾರ ಗಾರ್ಡನ್ ಆಸ್ತಿ ತೆರಿಗೆ ಕಟ್ಟಬೇಕಿಲ್ಲ. ತಂಡಗಳು ಊರು ಬಿಡಬಾರದು ಅಂತ ಆಗ ಕೊಟ್ಟ ರಿಯಾಯಿತಿ ಅದು, ಇನ್ನೂ ನಡೆಯುತ್ತಿದೆ. ಇದರ ಬಗ್ಗೆಯೂ ನಗರದಲ್ಲಿ ಅಸಮಾಧಾನ ಇದೆ.

ನಮ್ಮ ಅಭಿಪ್ರಾಯ ಇದು. ಈ ಹೆಸರು ಈಗಾಗಲೇ ಎರಡು ಸಲ ಜಾಗ ಬಿಟ್ಟಿದೆ, ಮೂರು ಕಟ್ಟಡ ಕಳಚಿದೆ, ಆದರೂ ಬದುಕಿದೆ. ಒಂದೆರಡು ಬ್ಲಾಕ್ ಆಚೆ ಹೋದರೆ ಅದಕ್ಕೇನೂ ಆಗುವುದಿಲ್ಲ. ರೈಲಿನಿಂದ ಇಳಿದು ನಡೆದು ಹೋಗುವಷ್ಟು ಹತ್ತಿರ ಇರಬೇಕು, ಅಷ್ಟೇ. ಊರ ನಡುವೆ ಇರುವುದರಿಂದ ತಾನೇ ಆಫೀಸ್ ಮುಗಿಸಿದವರು ಸೀದಾ ಬಂದು ಕೂರುವುದು? ನಿಲ್ದಾಣವನ್ನು ಮಾತ್ರ ಎತ್ತಿ ಬೇರೆ ಕಡೆ ಇಡಲು ಬರುವುದಿಲ್ಲ.

ಹೋಗುವುದು ಹೇಗೆ? ಕಾರು ತರಬಹುದಾ?

ಕಾರು ಬೇಡ. ಸುತ್ತಲಿನ ಖಾಸಗಿ ಪಾರ್ಕಿಂಗ್ ದುಬಾರಿ, ಟ್ರಾಫಿಕ್ ವಿಪರೀತ. ಎಡಿಸನ್, ಮೆಟ್ರೋಪಾರ್ಕ್, ಪ್ರಿನ್ಸ್‌ಟನ್ ಜಂಕ್ಷನ್ ಕಡೆಯವರು ಎನ್‌ಜೆ ಟ್ರಾನ್ಸಿಟ್ ರೈಲು ಹತ್ತಿದರೆ ನೇರ ಪೆನ್ ಸ್ಟೇಷನ್. ಜೆರ್ಸಿ ಸಿಟಿಯವರು ಪಾತ್ ರೈಲಿನಲ್ಲಿ 33ನೇ ಬೀದಿಯಲ್ಲಿ ಇಳಿದು ಒಂದು ಬ್ಲಾಕ್ ನಡೆಯಿರಿ. ಸಬ್‌ವೇಯಲ್ಲಿ 1, 2, 3 ಮತ್ತು ಎ, ಸಿ, ಇ ಗಾಡಿಗಳು ಬಾಗಿಲ ಬಳಿಯೇ ನಿಲ್ಲುತ್ತವೆ. ದೊಡ್ಡ ಬ್ಯಾಗ್ ತರಬೇಡಿ. ಆಟ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಇಳಿಯುತ್ತಾರೆ, ಆದ್ದರಿಂದ ವಾಪಸ್ ಟಿಕೆಟ್ ಮೊದಲೇ ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ.

ಆಟಕ್ಕೆ ಒಂದು ಗಂಟೆ ಮುಂಚೆ ಬಂದರೆ ಎಂಟನೇ ಅವೆನ್ಯೂ ದಾಟಿ ಮೊಯ್ನಿಹಾನ್ ಟ್ರೇನ್ ಹಾಲ್‌ಗೆ ಹೋಗಿ. ಅದು ಹಳೆಯ ಮುಖ್ಯ ಅಂಚೆ ಕಚೇರಿ. ಅದನ್ನೂ ಮೆಕಿಮ್, ಮೀಡ್ ಅಂಡ್ ವೈಟ್ ಕಟ್ಟಿದ್ದರು. 2021ರ ಜನವರಿ 1ರಿಂದ ರೈಲು ಪ್ರಯಾಣಿಕರ ಹಾಲ್ ಆಗಿದೆ, ಮೇಲೆ ಗಾಜಿನ ಚಾವಣಿ ಇದೆ. ಒಳಗೆ ತಿಂಡಿ ಅಂಗಡಿಗಳಿವೆ, ಶೌಚಾಲಯ ಇದೆ. ಆದರೆ ಟಿಕೆಟ್ ಇಲ್ಲದವರಿಗೆ ಕೂರಲು ಜಾಗ ಕಡಿಮೆ. ಹಿರಿಯರು ಜೊತೆಗಿದ್ದರೆ ತಿಂಡಿ ಅಂಗಡಿಗಳ ಕಡೆಯ ಮೇಜುಗಳಲ್ಲಿ ಮೊದಲು ಜಾಗ ಹಿಡಿಯಿರಿ.